ಎರಡು ವಾರದ ಅಕ್ಕ, ಎರಡು ವಾರದ ಅಣ್ಣ

ರಜೆಯಲ್ಲಿ ನೇಪಾಳಕ್ಕೋ ಕಾಂಬೋಡಿಯಾಕ್ಕೋ ಹೋಗಿ ಅನಾಥಾಶ್ರಮದಲ್ಲಿ ಸೇವೆ ಮಾಡಬೇಕೆಂದಿರುವವರು ಟಿಕೆಟ್ ತೆಗೆಯುವ ಮುಂಚೆ ಇದನ್ನೊಮ್ಮೆ ಓದಿ.

ಅಲ್ಲಿನ ಆಶ್ರಮಗಳ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಇದ್ದಾರೆ. ಓದಿಸುತ್ತೇವೆಂದು ನಂಬಿಸಿ ದಲ್ಲಾಳಿಗಳು ಹಳ್ಳಿಗಳಿಂದ ಕರೆತಂದ ಮಕ್ಕಳೂ ಇದ್ದಾರೆ. ವಿದೇಶಿಯರ ಶುಲ್ಕ, ದೇಣಿಗೆ ಬರುತ್ತಿರುವಷ್ಟು ದಿನ ಹಾಸಿಗೆಗಳು ತುಂಬಿರಬೇಕು, ಅದೇ ಲೆಕ್ಕ. ಈ ಸ್ವಯಂಸೇವೆಯಿಂದಾಗುವ ಹಾನಿಯನ್ನು ತಡೆಯಬೇಕೆಂದು 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ನಿರ್ಣಯದಲ್ಲಿ ಹೇಳಿತು.

ಮೊದಲು ಆಶ್ರಮದವರನ್ನು ಕೇಳಿ: ನನ್ನ ಪೊಲೀಸ್ ಪರಿಶೀಲನಾ ಪತ್ರ ಬೇಕೆ? ಮಕ್ಕಳ ಜೊತೆ ನನ್ನೊಬ್ಬರನ್ನೇ ಬಿಡುತ್ತೀರಾ? ಮಕ್ಕಳನ್ನು ಮನೆಗೆ ಮರಳಿ ಸೇರಿಸುವ ಕೆಲಸ ನಡೆಯುತ್ತಿದೆಯೆ? “ಏನೂ ಬೇಡ, ದುಡ್ಡು ಕಟ್ಟಿ ಬನ್ನಿ” ಅಂದರೆ ಅಲ್ಲಿಗೆ ಕಾಲಿಡಬೇಡಿ. ನೇಪಾಳದಲ್ಲಂತೂ ಪ್ರವಾಸಿ ವೀಸಾದಲ್ಲಿ ಸ್ವಯಂಸೇವೆ ಮಾಡುವುದೇ ಕಾನೂನುಬಾಹಿರ.

ನಿಮ್ಮ ಕೈಯಲ್ಲಿ ಕಸುಬಿದ್ದರೆ ಅದನ್ನು ಮಕ್ಕಳಿಗಲ್ಲ, ಅಲ್ಲಿನ ಸಿಬ್ಬಂದಿಗೆ ಕಲಿಸಿ: ಲೆಕ್ಕಪತ್ರ, ಪ್ರಥಮ ಚಿಕಿತ್ಸೆ, ಫಿಸಿಯೋಥೆರಪಿ. ನೀವು ಹೊರಟ ಮೇಲೂ ಅದು ಅಲ್ಲಿ ಉಳಿಯುತ್ತದೆ.

ಗೇಟಿನಲ್ಲೇ ಓಡಿ ಬಂದು ಅಪರಿಚಿತರನ್ನು ತಬ್ಬಿಕೊಳ್ಳುವ ಮೂರು ವರ್ಷದ ಮಗುವನ್ನು ಕಂಡಾಗ ಎದೆ ತುಂಬಿ ಬರುತ್ತದೆ, ನಿಜ. ಆದರೆ ಮನೆಯಲ್ಲಿ ಬೆಳೆದ ಮಗು ಆ ವಯಸ್ಸಿನಲ್ಲಿ ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತದೆ.