ಹೆಸರು ನೆನಪಾಗಲ್ಲ, ರಕ್ತ ಪರೀಕ್ಷೆ ಮಾಡಿಸಿಬಿಡಲಾ?

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು ಅಂತ ಗೊತ್ತಾದರೆ ಮೊದಲೆಲ್ಲ ನೆಂಟರು ಶುಗರ್ ಎಷ್ಟಿರಬೇಕು ಅಂತ ಕೇಳುತ್ತಿದ್ದರು. ಈಗಿನ ಪ್ರಶ್ನೆಯೇ ಬೇರೆ. "ಅರವತ್ತು ದಾಟಿತು, ಹೆಸರುಗಳೇ ನೆನಪಾಗಲ್ಲ. ಮರೆವಿನ ಕಾಯಿಲೆಯನ್ನು ಮೊದಲೇ ಹೇಳುವ ರಕ್ತ ಪರೀಕ್ಷೆ ಬಂದಿದೆಯಂತಲ್ಲ, ಮಾಡಿಸಿಬಿಡಲಾ?"

ಬಂದಿರುವುದು ನಿಜ. ಆದರೆ ಅದು ಅಳೆಯುವುದು ಮರೆವನ್ನಲ್ಲ, ಪ್ರೋಟೀನನ್ನು. ಮರೆವು ತರುವ ಆಲ್‌ಝೈಮರ್ ಕಾಯಿಲೆಯಲ್ಲಿ ಮೆದುಳಿನ ಕೋಶಗಳ ಹೊರಗೆ ಅಮಿಲಾಯ್ಡ್ ಎಂಬ ಪ್ರೋಟೀನು ಕರಣೆ ಕಟ್ಟುತ್ತದೆ. ಕೋಶಗಳ ಒಳಗೆ ಟೌ ಎಂಬುದು ನೂಲಿನಂತೆ ಸಿಕ್ಕುಗಟ್ಟುತ್ತದೆ. ಇದೆಲ್ಲ ಮರೆವು ಕಾಣಿಸುವ 15-20 ವರ್ಷ ಮೊದಲೇ ಶುರುವಾಗಿರಬಹುದು. ಮೊದಲು ಇದನ್ನು ನೋಡಬೇಕೆಂದರೆ ಸತ್ತ ಮೇಲೆ ಮೆದುಳನ್ನೇ ಕೊಯ್ಯಬೇಕಿತ್ತು. 1906ರಲ್ಲಿ ಡಾಕ್ಟರ್ ಆಲ್‌ಝೈಮರ್ ನೋಡಿದ್ದೂ ಹಾಗೆಯೇ. ಆಮೇಲೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸುವುದು, ಮೆದುಳಿನ ಚಿತ್ರ ತೆಗೆಯುವ ಪೆಟ್ ಸ್ಕ್ಯಾನ್ ಬಂದವು. ಈಗ ಒಂದು ಟ್ಯೂಬ್ ರಕ್ತದಲ್ಲಿ ಪಿ-ಟೌ 217 ಎಂಬ ಟೌ ಪ್ರೋಟೀನಿನ ಒಂದು ರೂಪವನ್ನು ನೋಡಿದರೆ ಮೆದುಳಿನಲ್ಲಿ ಅಮಿಲಾಯ್ಡ್ ಇದೆಯೇ ಎಂದು ಬಹುಮಟ್ಟಿಗೆ ಹೇಳಬಹುದು.

ಔಷಧಿ, ಪರೀಕ್ಷೆಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2025ರ ಮೇನಲ್ಲಿ ಇಂಥ ಮೊದಲ ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಯಾರಿಗೆ? ನಡುವಯಸ್ಸು ದಾಟಿ, ಮರೆವಿನ ಲಕ್ಷಣ ಶುರುವಾಗಿ, ತಜ್ಞರ ಹತ್ತಿರ ಬಂದವರಿಗೆ. ಸುಮ್ನೆ ಚೆಕಪ್‌ಗೆ ಬಂದವರಿಗಲ್ಲ. ಯಾಕೆಂದರೆ ತಲೆಯಲ್ಲಿ ಅಮಿಲಾಯ್ಡ್ ಇಟ್ಟುಕೊಂಡೇ ಕೊನೆತನಕ ಲೆಕ್ಕ ತಪ್ಪದೆ ಬದುಕುವವರೂ ಇದ್ದಾರೆ. ಕಿಡ್ನಿ ತೊಂದರೆಯಿದ್ದರೆ ಪಿ-ಟೌ ಜಾಸ್ತಿ ತೋರಿಸಬಹುದು. ಇನ್ನು ರಕ್ತನಾಳ ಕಟ್ಟಿ ಬರುವ ಮರೆವು ಇದರಲ್ಲಿ ಕಾಣುವುದೇ ಇಲ್ಲ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ, ವಯಸ್ಸಾದಂತೆ ನೆನಪು ಹೇಗೆ ಬದಲಾಗುತ್ತದೆಂದು 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುವ ಅಧ್ಯಯನವೊಂದು ನಡೆದಿದೆ. ಬೆಂಗಳೂರಿನ ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಮಾಡುತ್ತಿರುವುದು. ಕೂಲಿ, ಬೇಸಾಯ ಮಾಡುವ ನಮ್ಮ ಜನರ ಅಂಕಿಅಂಶ ನಮಗೆ ಬೇಕೇ ಬೇಕಲ್ವಾ?

ಹಾಗಾದರೆ ಏನು ಮಾಡಿಸಲಿ ಅಂದರೆ, ಮೊದಲು ಬಿ12 ವಿಟಮಿನ್, ಥೈರಾಯ್ಡ್ ಅನ್ನುತ್ತೇನೆ. ಇವು ಕಡಿಮೆಯಾದರೂ ಮರೆವು ಬರಬಹುದು. ಕೇಳಿದವರ ಮುಖ ಸಪ್ಪಗಾಗುತ್ತದೆ. ನಮ್ಮ ದೊಡ್ಡಮ್ಮ ಹೇಳಿದ್ದನ್ನೇ ಹೇಳುತ್ತಿದ್ದರು, ಹಾಲಿನವನಿಗೆ ಎರಡೆರಡು ಸಲ ದುಡ್ಡು ಕೊಡುತ್ತಿದ್ದರು. ಶುಗರ್‌ಗೆ ಎಷ್ಟೋ ವರ್ಷದಿಂದ ಮೆಟ್‌ಫಾರ್ಮಿನ್ ನುಂಗುತ್ತಿದ್ದವರು. ಆ ಮಾತ್ರೆ ಬಿ12 ಇಳಿಸುತ್ತದೆ. ಇಂಜೆಕ್ಷನ್ ಶುರುವಾದ ಕೆಲವು ತಿಂಗಳಲ್ಲಿ ಹಾಲಿನ ಲೆಕ್ಕ ಮತ್ತೆ ಅವರ ಕೈಗೇ ಬಂತು.

ಅವೆರಡೂ ಸರಿಯಿದ್ದು, ದಿನಾ ಹೋಗುವ ದಾರಿಯೇ ತಪ್ಪುತ್ತಿದ್ದರೆ ನರರೋಗ ತಜ್ಞರನ್ನು ನೋಡಿ. ಪಿ-ಟೌ ಬೇಕೋ ಬೇಡವೋ ಅವರು ಹೇಳಲಿ. ಹೋಗುವಾಗ ಜೊತೆಗಿರುವ ಮಗಳನ್ನೋ ಸೊಸೆಯನ್ನೋ ಕರೆದುಕೊಂಡು ಹೋಗಿ. ಡಾಕ್ಟರು ಅರ್ಧ ಪ್ರಶ್ನೆ ಕೇಳುವುದು ಅವರನ್ನೇ.