ಆಡಿಯೋ ನಾಟಕ: ಸಣ್ಣ ಹುಡ್ಗಿ ಸಾಕ್ಷಿ ಹೇಳೋ ಸೀನ್ ಎಲ್ಲಿತನ ಬಂತು

ನಮ್ಮ ಕೊಲೆ ಕೇಸಿನ ಆಡಿಯೋ ನಾಟಕದ ಕೋರ್ಟ್ ಸೀನ್ ಒಂದು ಹದಕ್ಕ ಬಂದದ. ಕತಿ ಗೊತ್ತಿಲ್ದವ್ರಿಗಿ, ಸೇಡಂ ಕಡಿ ಹಳ್ಳಿ, ಅಪ್ಪನೇ ಅವ್ವನ್ನ ಕೊಂದಾನ, ನೋಡಿದಾಕಿ ಏಳು ವರ್ಷದ ಮಗಳು ಒಬ್ಬಾಕೇ.

ಸ್ಕ್ರಿಪ್ಟ್ ಓದಿದವ್ರು ಕೇಳಿದ್ದು ಒಂದೇ, ಕೂಸಿನ ಮಾತಿನ ಮ್ಯಾಲ ಶಿಕ್ಷಾ ಆಗ್ತದೇನು ಅಂತ. ಆಗ್ತದ. ಸಾಕ್ಷಿಗಿ ಇಷ್ಟೇ ವಯಸ್ಸು ಅಂತ ಕಾನೂನಿನ್ಯಾಗ ಇಲ್ಲ, ಮೊದ್ಲು ಭಾರತೀಯ ಸಾಕ್ಷ್ಯ ಕಾಯ್ದೆದ 118ನೇ ಕಲಂ, 2024ರ ಜುಲೈದಿಂದ ಅದ್ರ ಬದ್ಲಿ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 124, ಎರಡ್ರಾಗೂ ಇರೋದು ಅದೇ, ಕೇಳಿದ್ದು ತಿಳೀಬೇಕು, ತಿಳಿದು ಉತ್ತರ ಕೊಡ್ಬೇಕು. 2001ರಾಗ ಕರ್ನಾಟಕದ್ದೇ ಒಂದು ಕೊಲೆ ಕೇಸು, ಘಟನಾ ಆದಾಗ ಕೂಸಿಗಿ ಸುಮಾರು ನಾಕು ವರ್ಷ, ಅದೊಂದೇ ಕಣ್ಣಾರೆ ಕಂಡ ಸಾಕ್ಷಿ, ಸುಪ್ರೀಂ ಕೋರ್ಟ್ ಅದರ ಮಾತು ನಂಬ್ತು.

ಭಾಳ ಟೈಮ್ ಹಿಡಿದಿದ್ದು ಸಾಕ್ಷಿ ಶುರುವಾಗೋಕಿಂತ ಮೊದ್ಲು, ಕೂಸಿಗಿ ತಿಳೀತದೋ ಇಲ್ಲೋ ನೋಡ್ಲಿಕ್ಕಿ ಜಡ್ಜ್ ಕೇಳೋ ಪ್ರಶ್ನೆಗಳು. ಇದು ಬರೇ ಶಾಸ್ತ್ರ ಅಲ್ಲ ನೋಡ್ರಿ. 2023ರಾಗ ಒಂದು ಕೊಲೆ ಕೇಸಿನ್ಯಾಗ ಜಡ್ಜ್ ಮಗುಗ ಮೂರೇ ಪ್ರಶ್ನೆ ಕೇಳಿ ಮುಗಿಸಿದ್ರಂತ, ಇಷ್ಟು ಸಾಲೂದಿಲ್ಲ ಅಂದ ಸುಪ್ರೀಂ ಕೋರ್ಟ್ ಕಡೀಗಿ ಆರೋಪಿನ್ನ ಬಿಡುಗಡೆ ಮಾಡ್ತು. ಅದಕ್ಕ "ಸತ್ಯ ಅಂದ್ರೇನು" ಅಂತ ಕೇಳೋದು ತೆಗೆದು ಹಿಂಗ್ ಬರದೀನಿ:

"ತಂಗಿ, ನನ್ ಕೈಯಾಗಿನ ಪೆನ್ನು ಕೆಂಪದ ಅಂದ್ರ ಖರೇನೋ ಸುಳ್ಳೋ?"
"ಸುಳ್ಳ್ರೀ. ನೀಲಿ ಅದ."
"ನಿಂಗ ಗೊತ್ತಿಲ್ದದ್ದು ಕೇಳಿದ್ರ?"
"ಗೊತ್ತಿಲ್ರೀ ಅಂತೀನಿ."

ಪಕ್ಕದ ಮನಿ ಹುಡ್ಗಿ ಓದಿದಾಗ ಎಲ್ಲೂ ತಡವರಿಸ್ಲಿಲ್ಲ. ವಯಸ್ಸು 12ರೊಳಗ ಇದ್ರ, ಪ್ರಮಾಣ ಅಂದ್ರೇನು ತಿಳೀದಿದ್ರೂ ಖರೇ ಹೇಳ್ಬೇಕು ಅಂತ ತಿಳಿದ್ರ ಸಾಕು, ಪ್ರಮಾಣ ಇಲ್ದೇ ಸಾಕ್ಷಿ ತಗೋತಾರ.

ಕೂಸಿನ ಮಾತಿಗಿ ಬಲ ಕೊಡೋ ಬ್ಯಾರೆ ಪುರಾವೆಗಿ ಪೂರಕ ಸಾಕ್ಷ್ಯ ಅಂತಾರ, ಹಂಗಂದ್ರ ಇನ್ನೊಬ್ಬ ನೋಡಿದವ ಬೇಕೇ ಬೇಕು ಅಂತಲ್ಲ. ಅಂಥಾ ಪುರಾವೆ ಹುಡುಕೋದು ಕೋರ್ಟಿನ ಎಚ್ಚರಿಕಿ, ಕಾನೂನಿನ ಕಟ್ಟಳಿ ಅಲ್ಲ. ನಮ್ಮ ಹುಡ್ಗಿ "ಅಪ್ಪ ಕುಡಗೋಲು ತೊಗರಿ ಕಟಗಿ ಒಟ್ಟಿದಲ್ಲಿ ತುರುಕ್ಯಾನ" ಅಂತಾಳ, ಪಂಚನಾಮೆದಾಗ ಅದು ಅಲ್ಲೇ ಸಿಕ್ಕದ, ಅದ್ರ ಮ್ಯಾಲಿನ ರಕ್ತ ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ರಿಪೋರ್ಟಿನ್ಯಾಗ ಅವ್ವಂದೇ ಅಂತ ಬಂದದ. ಒಂದಕ್ಕೊಂದು ಕೂಡೇದ.

ಪಾಟಿ ಸವಾಲು ಇನ್ನಾ ಬರೀಲತೀನಿ. ಕೂಸು ಈಗ ಸ್ವಾದರ ಮಾವನ ಮನ್ಯಾಗ ಇರೋದು, ಅದಕ್ಕ ವಕೀಲರು "ಮಾವ ಹೇಳಿಕೊಟ್ಟದ್ದು ಹೇಳ್ಲತ್ತಿ" ಅಂತ ಹಿಡಕೋತಾರ, ಪೊಲೀಸ್ರು ಕೂಸಿನ ಹೇಳಿಕೆ ತಗೊಂಡಿದ್ದು ತಡ ಆಗ್ಯಾದ ಅಂತನೂ ಅಂತಾರ. 2025ರ ಫೆಬ್ರವರಿದಾಗ ಮಧ್ಯಪ್ರದೇಶದ ಕೇಸಿನ್ಯಾಗೂ ಏಳು ವರ್ಷದ ಮಗಳೇ ಸಾಕ್ಷಿ, ಹೇಳಿಕೆ ತಡ ಆಯ್ತು ಅಂತ ಅಷ್ಟಕ್ಕೇ ತೆಗೆದು ಹಾಕೋದಲ್ಲ, ಹೇಳಿಕೊಟ್ಟಾರ ಅಂತ ಬರೇ ಅನುಮಾನ ಪಟ್ರೂ ಸಾಲದು ಅಂತ ಸುಪ್ರೀಂ ಕೋರ್ಟ್ ಹೇಳೇದ. ವಕೀಲರ ಪಾತ್ರ ಕೆಟ್ಟವನಂಗ ಮಾಡಂಗಿಲ್ಲ, ಖರೇನ ಹೇಳಿಕೊಟ್ಟ ಕೇಸೂ ಇರ್ತಾವಲ್ಲ, ಆ ಪ್ರಶ್ನೆ ಯಾರರ ಕೇಳ್ಲೇಬೇಕು.

ಕೊಲಿ ಹೆಂಗಾಯ್ತು ಅನ್ನೋ ಮಾತು ಪಕ್ಕದ ಮನಿ ಹುಡ್ಗಿ ಬಾಯಿಂದ ಓದಸಂಗಿಲ್ಲ. ಜಡ್ಜ್ ಟೈಪಿಸ್ಟಿಗಿ ಹೇಳಿ ಬರಸ್ತಾರಲ್ಲ, ಆ ದನಿದಾಗ ಹಾಕ್ತೀನಿ, ಅದಕ್ಕ ನಮ್ಮ ಕಾಕಾ ಒಪ್ಯಾರ, ಬರೋ ಐತ್ವಾರ ರೆಕಾರ್ಡಿಂಗ್.