ಬಂಗುಡೆಯ ಹೊಸ ಮನೆ, 23ನೇ ದಿನ: ಗುಟ್ಟು ಬಾಗಿಲಿನ ಆಚೆ ಇತ್ತು

ನಿನ್ನೆ ರಾತ್ರಿ ನಮ್ಮ ಬೆಕ್ಕು ಬಂಗುಡೆ ಒಮ್ಮೆಯೂ ಕೂಗಲಿಲ್ಲ. ಉಡುಪಿಯಿಂದ ಮಂಗಳೂರಿಗೆ ಮನೆ ಬದಲಿಸಿ 23 ದಿನ ಆಯಿತು. ಕೂಗು ಶುರುವಾದ ಮೇಲೆ ಇಂಥ ರಾತ್ರಿ ಇದೇ ಮೊದಲು. ಅವನು ಮಲಗಿದ್ದಾನಾ ಅಂತ ನಾನು ಮೂರು ಸಲ ಎದ್ದು ನೋಡಿದೆ.

ಬಂಗುಡೆ 11 ತಿಂಗಳ ಗಂಡು. ಬೆನ್ನ ಮೇಲೆ ಬಂಗುಡೆ ಮೀನಿನ ಹಾಗೆಯೇ ಪಟ್ಟೆ, ಅದಕ್ಕೇ ಆ ಹೆಸರು. ಇನ್ನೂ ಸಂತಾನಹರಣ ಆಪರೇಷನ್ ಆಗಿಲ್ಲ. ಆರನೇ ತಿಂಗಳಿಗೇ ಮಾಡಿಸಬೇಕಿತ್ತು. ಅಮ್ಮನ ಕಾಲುನೋವು, ಮನೆ ಹುಡುಕಾಟ ಅಂತ ಮುಂದಕ್ಕೆ ಹೋಯಿತು. ಆ ಬೇಸರ ನನಗೆ ಈಗಲೂ ಇದೆ.

ಮೊದಲ ವಾರ ಹೊಸ ಜಾಗಕ್ಕೆ ಹೊಂದಿಕೊಳ್ಳಲಿ ಅಂತ ಒಂದೇ ಕೋಣೆ, ಅವನ ವಾಸನೆಯಿರುವ ತೊಳೆಯದ ಹಳೆ ಬೆಡ್‌ಶೀಟ್, ಮಲಮೂತ್ರಕ್ಕೆ ಎರಡು ಟ್ರೇ, ಇದೆಲ್ಲ ಬೆಕ್ಕು ಸಾಕುವ ನೀವೂ ಮಾಡಿರುತ್ತೀರಿ, ಬಿಡಿ. ಹಿಂದಿನ ವರಾಂಡಕ್ಕೆ ಮೆಶ್ ಹಾಕಿದ್ದೂ ಆಯಿತು. ಆದರೆ ಆ ಮೆಶ್ ಬಗ್ಗೆ ಎರಡು ಮಾತು ಹೇಳಲೇಬೇಕು. ಸ್ಟೀಲ್ ಅಂತ ಹೇಳಿ ಸ್ಟೀಲಿನ ದುಡ್ಡು ತೆಗೆದುಕೊಂಡರು. ಹತ್ತೇ ದಿನಕ್ಕೆ ಕಂಬಿಯ ಗಂಟಲ್ಲೆಲ್ಲ ಕೆಂಪು ತುಕ್ಕು. ನಮ್ಮ ಹೊಸ ಮನೆ ಇರುವ ಉರ್ವದಲ್ಲಿ ಸಮುದ್ರದ ಉಪ್ಪುಗಾಳಿ ಮನೆಯೊಳಗೇ ಬರುತ್ತದೆ. ಇಲ್ಲಿ ಅಗ್ಗದ ಕಂಬಿ ನಿಲ್ಲುವುದಿಲ್ಲ ಅಂತ ಅಂಗಡಿಯವರಿಗೆ ಗೊತ್ತಿಲ್ವಾ? ಫೋನ್ ಮಾಡಿದರೆ "ಮಳೆ ಅಲ್ವಾ ಮೇಡಂ" ಅಂದರು. ಮಳೆಗಾಲ ಉಂಟು ಅಂತಲೇ ಅಲ್ವಾ ನಾನು ಸ್ಟೀಲ್ ಕೇಳಿದ್ದು!

ಈಗ ಮುಖ್ಯ ವಿಷಯ.

ಎಂಟನೇ ದಿನ ಕೋಣೆಯ ಬಾಗಿಲು ತೆರೆದೆ. ಹಗಲು ಚೆನ್ನಾಗಿಯೇ ಇದ್ದ. ರಾತ್ರಿ ಒಂದೂವರೆಗೆ ಶುರು. ಎದುರು ಬಾಗಿಲಿನಿಂದ ಹಾಲ್‌ನ ಕಿಟಕಿಗೆ, ಕಿಟಕಿಯಿಂದ ಮತ್ತೆ ಬಾಗಿಲಿಗೆ. ಕಾಲು ಸುಟ್ಟ ಬೆಕ್ಕು ಅಂತ ನಾವು ಮನುಷ್ಯರಿಗೆ ಹೇಳುತ್ತೇವಲ್ಲ, ಅದನ್ನು ಬೆಕ್ಕಿನಲ್ಲೇ ನೋಡಿದೆ. ಹೊಟ್ಟೆಯ ಆಳದಿಂದ ಎಳೆದೆಳೆದು ಕೂಗು. ಒಂಬತ್ತನೇ ದಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, ಬಾಲ ಎತ್ತಿ ನಡುಗಿಸಿ, ಮೊದಲ ಸಲ ಮೂತ್ರ ಸಿಂಪಡಿಸಿದ. ಆಮೇಲೆ ರಾತ್ರಿಗೆ ಐದಾರು ಸಲ.

ಮೊದಲು ಡಾಕ್ಟರ ಹತ್ತಿರ ಓಡಿದೆ. ಗಂಡು ಬೆಕ್ಕಿನ ಮೂತ್ರದ ದಾರಿ ತುಂಬ ಕಿರಿದು. ಅದು ಕಟ್ಟಿಕೊಂಡರೆ ಒಂದೆರಡು ದಿನದಲ್ಲಿ ಜೀವಕ್ಕೇ ಅಪಾಯ. ಟ್ರೇಯಲ್ಲಿ ಕೂತು ಮುಕ್ಕರಿಯುತ್ತಿದ್ದರೆ, ಒಂದೆರಡು ಹನಿ ಮಾತ್ರ ಬರುತ್ತಿದ್ದರೆ, ಬೆಳಗಾಗುವವರೆಗೂ ಕಾಯಬೇಡಿ. ಬಂಗುಡೆಗೆ ಆ ತೊಂದರೆ ಇರಲಿಲ್ಲ. ಟ್ರೇಯಲ್ಲಿ ದಿನವೂ ಸರಿಯಾಗಿ ಹೋಗುತ್ತಿದ್ದ. ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಂಡು ಬಂದೆ. ಸಿಕ್ಕಿದ್ದು ಮೂರು ವಾರದ ಆಚೆಗೆ.

ಹಳೆ ಮನೆ ನೆನಪಾಗಿ ಕೂಗುತ್ತಾನೆ ಅಂದುಕೊಂಡೆ. ಆದರೆ ಊಟ ಬಿಟ್ಟಿರಲಿಲ್ಲ, ಮಂಚದ ಅಡಿ ಅಡಗುತ್ತಲೂ ಇರಲಿಲ್ಲ. ಹತ್ತಿರ ಎಲ್ಲೋ ಬೆದೆಗೆ ಬಂದ ಹೆಣ್ಣು ಬೆಕ್ಕು ಇರಬಹುದಾ? ಹೆಣ್ಣು ಬೆಕ್ಕಿನ ಬೆದೆ ಹಗಲು ಎಷ್ಟು ಉದ್ದ ಅನ್ನುವುದರ ಮೇಲೆ ನಿಂತಿರುತ್ತದೆ. ಚಳಿ ದೇಶಗಳಲ್ಲಿ ಚಳಿಗಾಲದಲ್ಲಿ ನಿಲ್ಲುತ್ತದೆ. ಮಂಗಳೂರಲ್ಲಿ ಹಗಲು ರಾತ್ರಿಯ ಉದ್ದ ಅಷ್ಟೇನೂ ಬದಲಾಗುವುದಿಲ್ಲ, ಹಾಗಾಗಿ ವರ್ಷದ ಯಾವ ತಿಂಗಳಲ್ಲೂ ಮರಿ ಕಾಣಬಹುದು. ನಾಲ್ಕು ರಾತ್ರಿ ಕಿವಿ ಕೊಟ್ಟು ಕೂತೆ. ಮಳೆಯ ಸದ್ದು ಬಿಟ್ಟರೆ ಬೇರೇನೂ ಕೇಳಲಿಲ್ಲ.

ಈ ನಡುವೆ ಅಮ್ಮ ದಿನಾ ಬೆಳಗ್ಗೆ ಫಿನಾಯಿಲ್ ಹಾಕಿ ಒರೆಸುತ್ತಿದ್ದರು. ಒರೆಸಿದ ಜಾಗಕ್ಕೇ ರಾತ್ರಿ ಮತ್ತೆ ಸಿಂಪಡಣೆ. "ಬೇಕಂತಲೇ ಮಾಡ್ತಾನೆ ಇವನು" ಅಂತ ಅಮ್ಮನಿಗೆ ಸಿಟ್ಟು. ಬೇಕಂತ ಅಲ್ಲ ಅಮ್ಮ. 'ಇದು ನನ್ನ ಜಾಗ' ಅಂತ ಅವನು ಮೂತ್ರದಲ್ಲಿ ಬರೆದಿಟ್ಟ ಹೆಸರನ್ನು ನಾವು ಇನ್ನೊಂದು ಘಾಟು ವಾಸನೆಯಿಂದ ಮುಚ್ಚುತ್ತಿದ್ದೆವು, ಅವನು ಮತ್ತೆ ಬರೆಯುತ್ತಿದ್ದ. ಅದಕ್ಕಿಂತ ದೊಡ್ಡ ವಿಷಯ, ಫಿನಾಯಿಲ್ ಬೆಕ್ಕಿಗೆ ವಿಷ. ಫೀನಾಲ್ ಜಾತಿಯ ರಾಸಾಯನಿಕವನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ತೀರಾ ಕಡಿಮೆ. ನೆಲದ ಮೇಲೆ ನಡೆಯುತ್ತದೆ, ಆಮೇಲೆ ಪಾದ ನೆಕ್ಕುತ್ತದೆ. ಇದನ್ನು ಹೇಳಿದ ದಿನವೇ ಅಮ್ಮ ಬಾಟ್ಲಿಯನ್ನು ಮನೆಯಿಂದ ಹೊರಗೆ ಇಟ್ಟರು. ಬ್ಲೀಚಿಂಗ್ ಕೂಡ ಬೇಡ. ಮೂತ್ರದ ಅಮೋನಿಯಾ ಜೊತೆ ಸೇರಿದರೆ ಕೆಟ್ಟ ಗ್ಯಾಸ್ ಬರುತ್ತದೆ.

17ನೇ ದಿನ ಯುವಿ (ಅತಿನೇರಳೆ) ಟಾರ್ಚ್ ಬಂತು, ಅದರ ಬೆಳಕಿಗೆ ಮೂತ್ರದ ಕಲೆ ಹೊಳೆಯುತ್ತದೆ. ಅಲೆಯುದ್ದ 365 ನ್ಯಾನೋಮೀಟರ್‌ನದು. ಲೈಟೆಲ್ಲ ಆರಿಸಿ ಮನೆಯಿಡೀ ಹುಡುಕಿದೆ. ಡಿಟರ್ಜೆಂಟ್ ಕಲೆಯೂ ಹೊಳೆಯುತ್ತದೆ, ಹಾಗಾಗಿ ಪ್ರತಿ ಕಲೆಯನ್ನೂ ಹತ್ತಿರದಿಂದ ಮೂಸಿ ನೋಡಬೇಕು. ಒಟ್ಟು 14 ಕಲೆ. ಮನೆಯ ನಕ್ಷೆ ಬರೆದು ಚುಕ್ಕೆ ಇಟ್ಟೆ. 11 ಚುಕ್ಕೆ ಎರಡೇ ಕಡೆ, ಎದುರು ಬಾಗಿಲಿನ ಕೆಳಗೆ ಮತ್ತು ಹಾಲ್‌ನ ಕಿಟಕಿಯ ಅಡಿ. ಅಡುಗೆಮನೆಯಲ್ಲಿ ಒಂದೂ ಇಲ್ಲ. ಅಮ್ಮನ ಕೋಣೆಯಲ್ಲಿ ಒಂದೂ ಇಲ್ಲ.

ನಕ್ಷೆ ನೋಡುತ್ತಾ ಕೂತವಳು ಟಾರ್ಚ್ ಹಿಡಿದು ಬಾಗಿಲು ತೆಗೆದು ಮನೆ ಎದುರಿನ ಜಗಲಿ, ಅಂದರೆ ಸಿಟೌಟ್‌ಗೆ ಹೋದೆ.

ಬಾಗಿಲಿನ ಹೊರಮೈ ಕೆಳಗಿನಿಂದ ಒಂದೂವರೆ ಅಡಿವರೆಗೆ ಹಸಿರು ಹಳದಿಯಾಗಿ ಹೊಳೆಯುತ್ತಿತ್ತು. ಚಪ್ಪಲಿ ಸ್ಟ್ಯಾಂಡ್ ಹೊಳೆಯುತ್ತಿತ್ತು. ಕಿಟಕಿಯ ಅಡಿಯ ಕೆಂಪುಕಲ್ಲಿನ ಗೋಡೆಯಲ್ಲಿ ಸೋರಿ ಇಳಿದ ಗೆರೆಗಳು. ಒಳಗೆ ಬಂಗುಡೆ ಎಲ್ಲೆಲ್ಲಿ ಬರೆದಿದ್ದನೋ ಹೊರಗೆ ಅಲ್ಲಲ್ಲೇ ಇನ್ನೊಬ್ಬ ಬರೆದಿದ್ದ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಾಪ, ಇಷ್ಟು ದಿನ ಇವನು ನನಗೆ ಹೇಳುತ್ತಿದ್ದದ್ದು ಇದನ್ನೇ.

ಮರುದಿನ ಮೀನು ಮಾರುವ ಅಕ್ಕನನ್ನು ಕೇಳಿದೆ. "ಇಲ್ಲೊಂದು ದೊಡ್ಡ ಕಪ್ಪು ಪುಚ್ಚೆ (ತುಳುವಿನಲ್ಲಿ ಬೆಕ್ಕು) ಉಂಟಲ್ಲ ಮಾರಾಯ್ರೆ. ಈ ಮನೆ ಖಾಲಿ ಇದ್ದಾಗ ಮಳೆಗೆ ಇಲ್ಲಿಯೇ ಮಲಗುತ್ತಿತ್ತು" ಅಂದರು. ಅಂದರೆ ಈ ಸಿಟೌಟ್ ಮೊದಲು ಅವನದ್ದೇ. ನಾವೇ ನಡುವೆ ಬಂದವರು. ರಾತ್ರಿ ಕಾದು ನೋಡಿದೆ. ಒಂದೂಕಾಲಕ್ಕೆ ಬಂದ. ದಪ್ಪ ಕೆನ್ನೆ, ಹರಿದ ಮೂಗು. ಕಿವಿಯ ತುದಿ ಕತ್ತರಿಸಿಲ್ಲ, ಅಂದರೆ ಅವನಿಗೂ ಆಪರೇಷನ್ ಆದ ಗುರುತಿಲ್ಲ.

ಇಬ್ಬರು ಪೂರ್ತಿ ಗಂಡುಗಳ ನಡುವೆ ಒಂದು ಬಾಗಿಲು. ಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಅಂತ ಒಂದು ಅಮೈನೋ ಆಮ್ಲ ಇರುತ್ತದೆ. ಅದು ಒಡೆದಾಗ ಗಂಧಕದ ಆ ಕಟು ವಾಸನೆ ಹುಟ್ಟುತ್ತದೆ. ಟೆಸ್ಟೋಸ್ಟೆರಾನ್ ಜಾಸ್ತಿ ಇದ್ದಷ್ಟೂ ಫೆಲಿನಿನ್ ಜಾಸ್ತಿ. ಜೊತೆಗೆ ಮೂತ್ರದ ಯೂರಿಕ್ ಆಮ್ಲ ನೀರಿಗೆ ಸುಲಭವಾಗಿ ಕರಗುವುದಿಲ್ಲ. ಒಣಗಿದಾಗ ಹೋಯಿತು ಅನಿಸುತ್ತದೆ, ತೇವ ಏರಿದರೆ ಮತ್ತೆ ಏಳುತ್ತದೆ. ಆಟಿ ಅನ್ನುವ ಈ ಮಳೆ ತಿಂಗಳಲ್ಲಿ ಕೆಂಪುಕಲ್ಲಿನ ಗೋಡೆ ಒಣಗುವುದು ಯಾವಾಗ ಹೇಳಿ?

ಎನ್‌ಜೈಮ್ ಕ್ಲೀನರ್ ತರಿಸಿದೆ, ಮೂತ್ರದ ಕಲೆಯನ್ನು ಒಡೆದು ತೆಗೆಯುವಂಥದ್ದು. ಮೊದಲ ಬಾಟ್ಲಿ ಮುಚ್ಚಳ ಸಡಿಲವಾಗಿ ಅರ್ಧ ಪೆಟ್ಟಿಗೆಯಲ್ಲೇ ಸೋರಿತ್ತು. ಎರಡನೆಯದರ ಅವಧಿ ಮುಗಿಯಲು ಹದಿನೈದು ದಿನ ಬಾಕಿ. ಈ ಬೆಲೆಗೆ ಇಷ್ಟು ಅಸಡ್ಡೆ ಸರಿಯಲ್ಲ. ಇರಲಿ. ಫಿನಾಯಿಲ್‌ನ ಅಂಶ ಉಳಿದರೆ ಎನ್‌ಜೈಮ್ ಕೆಲಸ ಮಾಡುವುದಿಲ್ಲ, ಅದಕ್ಕೆ ಮೊದಲು ಬರೀ ನೀರಲ್ಲಿ ಎರಡು ಸಲ ತೊಳೆದೆ. ಆಮೇಲೆ ಕ್ಲೀನರ್ ಸುರಿದು, ಪ್ಲಾಸ್ಟಿಕ್ ಶೀಟ್ ಮುಚ್ಚಿ, ರಾತ್ರಿಯಿಡೀ ಒದ್ದೆಯಾಗಿಯೇ ಬಿಟ್ಟೆ. ಹೊರಗೆ ಮೂರು ರಾತ್ರಿ, ಒಳಗೆ ಎರಡು. ಸುಮ್ನೆ ಸಿಂಪಡಿಸಿ ಒರೆಸಿದರೆ ಕಲ್ಲಿನೊಳಗೆ ಇಳಿದದ್ದು ಹಾಗೇ ಇರುತ್ತದೆ.

ಕಿಟಕಿಯ ಕೆಳಗಿನ ಗಾಜಿಗೆ ಆಚೆ ಕಾಣದ ಹಾಗೆ ಮಂಜು ಫಿಲ್ಮ್ ಅಂಟಿಸಿದೆ. ಬಾಗಿಲಿನ ಅಡಿಯ ಸಂದಿಗೆ ರಬ್ಬರ್ ಪಟ್ಟಿ. ಬಂಗುಡೆಯ ಊಟದ ತಟ್ಟೆಯನ್ನು ಬಾಗಿಲ ಹತ್ತಿರವೇ ತಂದಿಟ್ಟೆ, ಉಣ್ಣುವ ಜಾಗದಲ್ಲಿ ಬೆಕ್ಕು ಸಾಮಾನ್ಯವಾಗಿ ಗುರುತು ಹಾಕುವುದಿಲ್ಲ. ಹತ್ತಿ ಬಟ್ಟೆಯಿಂದ ಅವನ ಕೆನ್ನೆ ಉಜ್ಜಿ, ಅದನ್ನು ಬಾಗಿಲ ದಾರಂದಕ್ಕೆ ಅವನ ಎತ್ತರದಲ್ಲಿ ಒರೆಸಿದೆ. ಕೆನ್ನೆಯ ವಾಸನೆ ಅವನಿಗೆ 'ಇದು ನನ್ನ ಮನೆ' ಅನ್ನುವ ಸಮಾಧಾನ. ರಾತ್ರಿಗೆ ಐದು ಸಲ ಇದ್ದ ಸಿಂಪಡಣೆ ಮೂರಕ್ಕೆ ಇಳಿಯಿತು, ಆಮೇಲೆ ಒಂದಕ್ಕೆ. ನಿನ್ನೆ ಸೊನ್ನೆ.

ಆಪರೇಷನ್ ಬರುವ ಗುರುವಾರ. ಗಂಡು ಬೆಕ್ಕುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಆಮೇಲೆ ಸಿಂಪಡಿಸುವುದನ್ನು ಬಿಡುತ್ತವೆ ಅಥವಾ ತುಂಬ ಕಡಿಮೆ ಮಾಡುತ್ತವೆ. ಆದರೆ ರೂಢಿ ಆರಲು ಕೆಲವು ವಾರ ಬೇಕು. ಆ ವಾರಗಳಿಗೂ ಹೊರಗಿನ ಗೋಡೆ ಶುಚಿಯಾಗಿರಬೇಕು.

ಕಪ್ಪಣ್ಣನನ್ನು ಓಡಿಸಲು ಮನಸ್ಸಿಲ್ಲ. ಅವನ ಸೂರು ನಾವು ತೆಗೆದುಕೊಂಡಿದ್ದೇವೆ. ಹಿತ್ತಿಲ ಹಲಸಿನ ಮರದ ಅಡಿ, ನೆಲದಿಂದ ಒಂದಡಿ ಮೇಲೆ, ಹಳೆ ಥರ್ಮೋಕೋಲ್ ಮೀನಿನ ಪೆಟ್ಟಿಗೆಗೆ ಹಂಚು ಹೊದೆಸಿ ಗೂಡು ಮಾಡಿದ್ದೇನೆ. ಎರಡು ರಾತ್ರಿ ಅಲ್ಲೇ ಮಲಗಿದ್ದಾನೆ. ಬೋನಿಗೆ ಅಭ್ಯಾಸ ಮಾಡಿಸಿ ಅವನಿಗೂ ಅದೇ ಡಾಕ್ಟರ ಹತ್ತಿರ ಮಾಡಿಸಬೇಕು.

ಅಂದ ಹಾಗೆ ಮುಂದಿನ ಪ್ರಾಜೆಕ್ಟ್ ಸಿದ್ಧ! ಬಂಗುಡೆ ಹತ್ತಿ ಓಡಾಡಲು ಅಡಿಕೆ ಮರದ ತುಂಡಿಗೆ ಕತ್ತದ ಹಗ್ಗ ಸುತ್ತಿ ನೆಲದಿಂದ ಮಾಡಿನವರೆಗೆ ಕಂಬ, ಅದರಿಂದ ಗೋಡೆಗುಂಟ ಹಲಗೆಯ ದಾರಿ. ಹಗ್ಗ ಎಣ್ಣೆ ಹಾಕದ್ದೇ ಬೇಕು, ಎರಡು ಅಂಗಡಿ ಸುತ್ತಿದರೂ ಸಿಗಲಿಲ್ಲ. ಪುತ್ತೂರಿನ ಮಾವ ತೋಟದಲ್ಲಿ ಗಾಳಿಗೆ ಬಿದ್ದ ಮರ ಇಟ್ಟಿದ್ದಾರಂತೆ, ಆರು ಇಂಚು ದಪ್ಪದ್ದು. ಆದಿತ್ಯವಾರ ಹೋಗಿ ತರುತ್ತೇನೆ.